ಡಮಾಮಿ ಆಮೇಲೆ ಬಾರಿಸೋಣ ಶಾಸಕರೇ, ಮೊದಲು ಇದನ್ನು ಓದಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ ಸರ್. ನಾನು ಉತ್ತರ ಕನ್ನಡದ ಘಟ್ಟದ ಮೇಲಿನ, ಆಫ್ರಿಕಾ ಮೂಲದ ಸಿದ್ದಿಗಳ ಒಂದು ಕೇರಿಯವನು. ಊರಿನ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ನಾಳೆ ಯಾರಾದರೂ ಬೈಕಿನಲ್ಲಿ ಬಂದು, ತಲೆ ಕೆಟ್ಟವನ ಮನೆ ಯಾವುದು ಅಂತ ಕೇಳುತ್ತಾರೆ. ನಮ್ಮ ಹುಡುಗರ ಮನಸ್ಸಿನ ಆರೋಗ್ಯದ ವಿಷಯಕ್ಕೆ ಮೂರು ಅರ್ಜಿ ಕೊಟ್ಟಾಗಿದೆ. ಮೂರಕ್ಕೂ ಸೀಲು ಬಿತ್ತು, ಉತ್ತರ ಬರಲಿಲ್ಲ. ಸೀಲು ಮಾತ್ರ ಬಹಳ ಚೆಂದ ಬಿದ್ದಿದೆ.

ನಾನು ಕೇಳುವುದು ಒಂದೇ. ನಮ್ಮ ಕೇರಿಗಳ ಹುಡುಗರ, ಗಂಡಸರ ಮನಸ್ಸಿನ ಕಷ್ಟ ಕೇಳಿಸಿಕೊಳ್ಳಲು ನಮ್ಮವರಲ್ಲೇ ಇಬ್ಬರಿಗೆ ತರಬೇತಿ ಕೊಡಿ. ತಿಂಗಳಿಗೆ ಸಂಬಳ ಕೊಡಿ. ಶಿಬಿರ ಬೇಡ, ಬ್ಯಾನರ್ ಬೇಡ. ಇಬ್ಬರು ಮನುಷ್ಯರು ಸಾಕು.

ಯಾಕೆ ಅಂತ ಹೇಳುತ್ತೇನೆ. ನನ್ನ ತಮ್ಮನಿಗೆ ಈಗ ಇಪ್ಪತ್ತೆರಡು. ಹಾಸ್ಟೆಲ್‌ನಲ್ಲಿ ಓದುವಾಗ ಹಿಂದಿನ ಬೆಂಚಿನವರು ಇವನ ಗುಂಗುರು ಕೂದಲಲ್ಲಿ ಪೆನ್ಸಿಲ್ ಸಿಗಿಸಿ, ಬೀಳುತ್ತದೋ ಇಲ್ಲವೋ ಅಂತ ಪಂದ್ಯ ಕಟ್ಟುತ್ತಿದ್ದರು. ಮೇಷ್ಟ್ರು ನೋಡಿ ನಗುತ್ತಿದ್ದರು. ಗಣಿತಕ್ಕೆ ಯಾರೂ ಇವನನ್ನು ಎಬ್ಬಿಸಿದ್ದಿಲ್ಲ, ಓಟಕ್ಕೆ ಮಾತ್ರ ಮೊದಲ ಹೆಸರು. ಸಿದ್ದಿ ಅಂದರೆ ಓಡಬೇಕು, ಅಲ್ವಾ? 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಬಂದು ನಮ್ಮ ಮಕ್ಕಳನ್ನು ಕ್ರೀಡಾ ತರಬೇತಿಗೆ ಆರಿಸಿಕೊಂಡು ಹೋದರು. 1993ಕ್ಕೆ ಯೋಜನೆಯೇ ನಿಂತುಹೋಯಿತು. ನಮ್ಮ ಕಾಲಿನ ಬಗ್ಗೆ ಸರ್ಕಾರ ಅಷ್ಟಾದರೂ ಯೋಚನೆ ಮಾಡಿದೆ. ತಲೆಯ ಸರದಿ ಯಾವಾಗ?

ತಮ್ಮ ಪಿಯುಸಿಯಲ್ಲಿ ಫೇಲಾದ ಮೇಲೆ ಗೋವಾದಲ್ಲಿ ಹೋಟೆಲ್ ಕೆಲಸಕ್ಕಿದ್ದ. ಆಮೇಲೆ ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ. ಒಂದು ರಾತ್ರಿ ಡ್ಯೂಟಿ ಮುಗಿಸಿ ನಡೆದು ಬರುವಾಗ ಇಬ್ಬರು ಗಾಡಿ ನಿಲ್ಲಿಸಿ, ಪಾಸ್‌ಪೋರ್ಟ್ ತೋರಿಸು ಅಂದರಂತೆ. ಇವನು, ಸರ್, ನಾನು ಕನ್ನಡದವನೇ, ಶಿರಸಿ ಕಡೆಯವನು ಅಂದ. 'ಪರವಾಗಿಲ್ಲ, ಕನ್ನಡ ಚೆನ್ನಾಗಿ ಕಲ್ತಿದ್ದೀಯ' ಅಂದರಂತೆ. ಆಧಾರ್ ತೋರಿಸಿದರೆ ಅದನ್ನು ಎಲ್ಲಿ ಮಾಡಿಸಿದೆ, ಎಷ್ಟು ಕೊಟ್ಟೆ ಅಂತ ಕೇಳಿದರಂತೆ. ಬೆಳಗಿನ ಜಾವದವರೆಗೆ ಕೂರಿಸಿಕೊಂಡು ಬಿಟ್ಟರು. ನಮ್ಮ ಹಿರಿಯರನ್ನು ಪೋರ್ಚುಗೀಸರು ಹಡಗಿಗೆ ತುಂಬಿ ಗುಲಾಮರಾಗಿ ತಂದು, ಅವರು ಗೋವಾದಿಂದ ತಪ್ಪಿಸಿಕೊಂಡು ಈ ಕಾಡು ಸೇರಿ ಎಷ್ಟೋ ತಲೆಮಾರು ಕಳೆದವು, ಇನ್ನೂ ನಾವು ಕನ್ನಡ ಕಲಿಯುತ್ತಲೇ ಇದ್ದೇವೆ ನೋಡಿ.

ಅದಾದ ತಿಂಗಳಲ್ಲೇ ಊರಿಗೆ ಬಂದ. ಬಂದವನು ಮಾತು ಬಿಟ್ಟ. ಹಗಲು ಹೊದ್ದು ಮಲಗುವುದು, ರಾತ್ರಿ ಎದ್ದು ಕೂರುವುದು. ಆಯಿ ಗಂಜಿ ಇಟ್ಟರೆ ಹಾಗೇ ತಣ್ಣಗಾಗುತ್ತಿತ್ತು. ಮೊದಲು ಹಿರಿಯರಿಗೆ ಕಾಯಿ ಇಟ್ಟು ಬೇಡಿಕೊಂಡೆವು. ಅದನ್ನು ಮೂಢನಂಬಿಕೆ ಅನ್ನಬೇಡಿ ಸರ್. ಅಲ್ಲಿಗೆ ಹೋಗಲು ಬಸ್ ಬೇಕಿಲ್ಲ, ಟೋಕನ್ ಬೇಕಿಲ್ಲ, ನೀವು ಯಾವ ದೇಶದವರು ಅಂತ ನಮ್ಮ ಹಿರಿಯರು ಕೇಳುವುದೂ ಇಲ್ಲ.

ಆಮೇಲೆ ಆಶಾ ಕಾರ್ಯಕರ್ತೆ ಹೇಳಿದರು ಅಂತ ತಾಲೂಕಿನ ಆಸ್ಪತ್ರೆಗೆ ಹೊರಟೆವು. ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ಮನೋವೈದ್ಯರು ಬರುತ್ತಾರೆ. ಅದೆಲ್ಲ ನಿಮಗೆ ಗೊತ್ತೇ ಇದೆ. ಮೊದಲ ಮಂಗಳವಾರ ಡಾಕ್ಟರು ರಜೆ. ಎರಡನೆಯದು ಮೀಟಿಂಗು. ಎರಡು ದಿನ ಅಡಿಕೆ ಕೊಯ್ಲಿನ ಕೂಲಿ ಹೋಯಿತು, ಇರಲಿ. ಮೂರನೆಯ ಮಂಗಳವಾರ ಡಾಕ್ಟರು ಬಂದಿದ್ದರು. ಆದರೆ ಚೀಟಿ ಬರೆಯುವವರು ತಮ್ಮನ ಮುಖ ನೋಡಿ ಹೆಸರು ಕೇಳುವ ಮೊದಲು ಕೇಳಿದ್ದು, 'ಎಷ್ಟು ಕುಡೀತಾನೆ?' ಕುಡಿಯಲ್ಲ ಮೇಡಂ ಅಂದೆ. 'ಸಿದ್ದಿ ಅಂತೀರಿ, ಕುಡಿಯಲ್ಲ ಅಂತೀರಿ' ಅಂದರು. ಸಾಲಿನಲ್ಲಿದ್ದವರು ನಕ್ಕರು. ಚೀಟಿಯ ಮೂಲೆಯಲ್ಲಿ ಕುಡಿತ ಅಂತ ಬರೆದೇ ಒಳಗೆ ಕಳಿಸಿದರು. ನನ್ನ ತಮ್ಮ ಜೀವಮಾನದಲ್ಲಿ ಒಂದು ಗುಟುಕು ಕುಡಿದಿಲ್ಲ ಸರ್. ಕೇರಿಯಲ್ಲಿ ಕುಡಿಯುವವರು ಇದ್ದಾರೆ, ನಾನು ಮುಚ್ಚಿಡುವುದಿಲ್ಲ, ಆದರೆ ಅವರು ಯಾಕೆ ಕುಡಿಯುತ್ತಾರೆ ಅಂತ ಕೇಳಲು ಯಾವ ಚೀಟಿಯಲ್ಲೂ ಜಾಗ ಇಲ್ಲ. ಒಳಗೆ ಡಾಕ್ಟರು ಒಳ್ಳೆಯವರೇ, ಪಾಪ, ಹೊರಗೆ ಇನ್ನೂ ಅರವತ್ತು ಜನ ಕಾಯುತ್ತಿದ್ದರು. ಚೀಟಿ ನೋಡಿದರು, ಕುಡಿತ ಬಿಡು ಅಂದರು, ಮಾತ್ರೆ ಬರೆದರು. ನಾಲ್ಕು ನಿಮಿಷ. ಮಾತ್ರೆ ಒಳಗೆ ಸ್ಟಾಕ್ ಇರಲಿಲ್ಲ, ಹೊರಗೆ ತಂದೆ. ಬಸ್ಸಿನಲ್ಲಿ ತಮ್ಮ ಒಂದೇ ಮಾತು ಆಡಿದ. 'ಅಣ್ಣಾ, ಇನ್ನು ಇಲ್ಲಿಗೆ ಬರೋದು ಬೇಡ.'

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಏನು ಹೇಳುತ್ತದೆ ಅಂತ ನಾನು ನಿಮಗೆ ಹೇಳಿಕೊಡಬೇಕಿಲ್ಲ. ಜಾತಿ, ಧರ್ಮ, ಸಂಸ್ಕೃತಿ ಅಂತ ಭೇದ ಮಾಡದೆ ಎಲ್ಲರಿಗೂ ಚಿಕಿತ್ಸೆ ಸಿಗಬೇಕು ಅಂತ ಇದೆ. ಆ ಚೀಟಿಯ ಮೂಲೆಗೆ ಅದು ಅನ್ವಯ ಆಗುತ್ತದೋ ಇಲ್ಲವೋ, ನೀವೇ ಹೇಳಿ.

ನಿಮ್ಮ ಆಪ್ತ ಸಹಾಯಕರು ಫೋನಿನಲ್ಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆಯಲ್ಲ, 14416ಕ್ಕೆ ಕರೆ ಮಾಡಿ ಅಂದರು. ಒಳ್ಳೆಯ ನಂಬರು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ, ಓದುವವರು ಬರೆದಿಟ್ಟುಕೊಳ್ಳಿ. ಆದರೆ ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಗುಡ್ಡ ಹತ್ತಿ ಡಾಂಬರ್ ರಸ್ತೆಯ ತಿರುವಿಗೆ ಹೋಗಬೇಕು. ಸಂಜೆ ಆದರೆ ಊರಿನ ಅರ್ಧ ಜನ ಆ ಒಂದೇ ಕಲ್ಲಿನ ಸುತ್ತ ನಿಂತಿರುತ್ತಾರೆ. ಅಲ್ಲಿ ನಿಂತು ನನಗೆ ಬದುಕಬೇಕು ಅನಿಸುತ್ತಿಲ್ಲ ಅಂತ ಹೇಗೆ ಹೇಳುವುದು? ಪಕ್ಕದಲ್ಲಿ ಒಬ್ಬ ರೀಚಾರ್ಜ್ ಬಗ್ಗೆ ಜಗಳ ಆಡುತ್ತಿರುತ್ತಾನೆ.

ಕೊನೆಗೆ ಅವನು ಬಾಯಿ ಬಿಟ್ಟದ್ದು ಎಲ್ಲಿ ಗೊತ್ತಾ? ಹಲಸಿನ ಮರದ ಕೆಳಗೆ. ಪೇಟೆಯ ಕ್ಷೌರದಂಗಡಿಯಲ್ಲಿ ನಿಮ್ಮ ಕೂದಲಿಗೆ ನಮ್ಮ ಕತ್ತರಿ ಆಗಲ್ಲ ಅನ್ನುತ್ತಾರೆ, ಹಾಗಾಗಿ ಕೇರಿಯ ಹುಡುಗರಿಗೆ ಭಾನುವಾರ ನಾನೇ ಮಷಿನ್ ಹಿಡಿಯುತ್ತೇನೆ. ಸ್ಟೂಲಿನ ಮೇಲೆ ಕೂತು ತಲೆ ಬಗ್ಗಿಸಿದವನಿಗೆ ಮುಖ ನೋಡಿ ಮಾತಾಡುವ ಕಷ್ಟ ಇರುವುದಿಲ್ಲ. ಕಿವಿಯ ಹಿಂದೆ ಮಷಿನ್ ತಂದಾಗ ತಮ್ಮ ನಡುಗಿದ. ಆಫ್ ಮಾಡಿದೆ. ಆಗ ಬೆಂಗಳೂರಿನ ಆ ರಾತ್ರಿಯನ್ನೆಲ್ಲ ಹೇಳಿದ, ನೆಲ ನೋಡುತ್ತಾ. ಅರ್ಧ ತಲೆ ಹಾಗೇ ಉಳಿದಿತ್ತು. ಅವನ ನಂತರ ಸರದಿಯಲ್ಲಿದ್ದ ಹುಡುಗ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ನನಗೂ ಹಾಗೇ ಆಗಿತ್ತು ಅಂದ.

ಅಮೆರಿಕದಲ್ಲಿ ಕಪ್ಪು ಜನರ ಕ್ಷೌರದಂಗಡಿಗಳಲ್ಲಿ ಕ್ಷೌರಿಕರಿಗೇ ತರಬೇತಿ ಕೊಟ್ಟು ಇದೇ ಕೆಲಸ ಮಾಡುತ್ತಿದ್ದಾರೆ ಅಂತ ಆಮೇಲೆ ಓದಿದೆ. ಅಲ್ಲೂ ಗಂಡಸರು ಆಸ್ಪತ್ರೆ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ, ಕಾರಣವೂ ಬಹುತೇಕ ನಮ್ಮದೇ. ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ಕಾನೂನಿನಡಿ ಬಲವಂತವಾಗಿ ಆಸ್ಪತ್ರೆಗೆ ಸೇರಿಸುವ ಪ್ರಮಾಣ ಬಿಳಿಯರಿಗಿಂತ ಕಪ್ಪು ಜನರಲ್ಲಿ ಮೂರು ಪಟ್ಟಿಗಿಂತ ಜಾಸ್ತಿ. ಅಲ್ಲಿ ಅನ್ಯಾಯ ಇದೆ, ಆದರೆ ಅದನ್ನು ಎಣಿಸಿಯಾದರೂ ಇಟ್ಟಿದ್ದಾರೆ. ಸಿದ್ದಿ ಹುಡುಗರ ಲೆಕ್ಕ ಎಲ್ಲಿದೆ ಅಂತ ನಾನು ಎರಡು ಕಚೇರಿಯಲ್ಲಿ ಕೇಳಿದೆ. ಒಂದು ಕಡೆ ಕಡತ ಹುಡುಕುತ್ತೇವೆ ಅಂದರು, ಇನ್ನೊಂದು ಕಡೆ, ನೀನೇ ಯಾಕೆ ಎಣಿಸಬಾರದು ಅಂದರು.

ಕೊಟ್ಟದ್ದನ್ನು ಇಲ್ಲ ಅನ್ನುವುದಿಲ್ಲ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಧಾರವಾಡ, ಬೆಳಗಾವಿಯವರಿಗೂ ಅದು ಸಿಕ್ಕಿತು. ಅದೇ ವರ್ಷ ನಮ್ಮವರೊಬ್ಬರು ವಿಧಾನ ಪರಿಷತ್ತಿಗೂ ಹೋದರು. ಮೊಟ್ಟೆ, ಬೇಳೆ, ತುಪ್ಪದ ಕಿಟ್ ಬರುತ್ತದೆ, ತಿನ್ನುತ್ತೇವೆ. ಆದರೆ ಮಾತು ಬಿಟ್ಟ ಹುಡುಗನಿಗೆ ಮೊಟ್ಟೆ ತಿನ್ನಿಸಲೂ ಯಾರಾದರೂ ಅವನ ಪಕ್ಕ ಕೂರಬೇಕು ಸರ್. ಆ ಕೂರುವವರನ್ನೇ ನಾನು ಕೇಳುತ್ತಿರುವುದು. ಇಬ್ಬರು. ನಮ್ಮವರು. ಕೊಂಕಣಿ ಬೆರೆತ ನಮ್ಮ ಮಾತು ಬರುವವರು. ಸಂಬಳದ ಮೇಲೆ. ಸಂಬಳ ಅಂತ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ 'ಸೇವಾ ಮನೋಭಾವ' ಅಂತ ನೀವು ಸನ್ಮಾನ ಮಾಡಿ ಶಾಲು ಹೊದಿಸಿಬಿಡುತ್ತೀರಿ.

ಇನ್ನೊಂದು ಮಾತು. ಹೋದ ವರ್ಷದ ಕಾರ್ಯಕ್ರಮಕ್ಕೆ ನೀವು ಬಂದಿದ್ದಿರಿ. ಹುಡುಗರಿಗೆ ಸೊಪ್ಪು ಕಟ್ಟಿಸಿ ಕುಣಿಸಿದರು. ನೀವು ನಮ್ಮ ಡೋಲು ಡಮಾಮಿಯನ್ನು ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡಿರಿ. ಅದು ನಿಮ್ಮ ಪೇಜಿನಲ್ಲಿ ಈಗಲೂ ಇದೆ, ಸಾವಿರಾರು ಲೈಕ್. ನಿಮ್ಮ ಎಡಗಡೆ ಹಲ್ಲು ಬಿಟ್ಟು ನಗುತ್ತಾ ನಿಂತವನೇ ನನ್ನ ತಮ್ಮ. ಆಗಿನ್ನೂ ಬೆಂಗಳೂರಿಗೆ ಹೋಗಿರಲಿಲ್ಲ.

ಬರುವ ಮಂಗಳವಾರ ಅವನನ್ನು ಹೇಗೋ ಒಪ್ಪಿಸಿ ಮತ್ತೆ ಕರೆದುಕೊಂಡು ಹೋಗುತ್ತಿದ್ದೇನೆ. ಬೆಳಿಗ್ಗೆ ಏಳೂ ಕಾಲರ ಬಸ್ಸು. ಅಷ್ಟರೊಳಗೆ ಕನಿಷ್ಠ ಆ ಚೀಟಿ ಬರೆಯುವ ಮೇಜಿಗಾದರೂ ಒಂದು ಫೋನ್ ಮಾಡಿ, ಮೊದಲು ಹೆಸರು ಕೇಳಲು ಹೇಳಿ. ಆ ಇಬ್ಬರ ವಿಷಯ ಆಮೇಲೆ ಮಾತಾಡೋಣ, ಭಾನುವಾರ ಬಂದರೆ ನಾನು ಹಲಸಿನ ಮರದ ಹತ್ತಿರವೇ ಇರುತ್ತೇನೆ. ಫೋಟೋದವರನ್ನು ಕರೆತರಬೇಡಿ.

ಇತಿ,
ನಿಮ್ಮ ಮತದಾರ, ಒಬ್ಬ ಸಿದ್ದಿ ಅಣ್ಣ