ಕೋವಿಗೂ ಕಾಗದ, ಕೋಡ್‌ಗೂ ಕಾಗದ

ಪ್ರೀತಿಯ ಪುಟ್ಟಿಗೆ,

ಮಡಿಕೇರಿಯಿಂದ ಮಾವನ ಆಶೀರ್ವಾದ. ಐದು ದಿನದಿಂದ ಮಳೆ ಬಿಟ್ಟಿಲ್ಲ. ನಿನ್ನ ಫೋನ್ ಅರ್ಧಕ್ಕೇ ಕಟ್ಟಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಟ್ಟುತ್ತಿರುವ ಸಿಸ್ಟಂಗೆ ಎನ್‌ಕ್ರಿಪ್ಷನ್, ಅಂದರೆ ಮಾಹಿತಿಗೆ ಹಾಕುವ ಗುಟ್ಟಿನ ಬೀಗ, ಸೇರಿಸುವ ಮಾತು ಬಂದಾಗ "ಓಪನ್ ಸೋರ್ಸ್ ಅಲ್ವಾ ಮಾವ, ಕಾನೂನಿನ ಕಿರಿಕಿರಿ ಇಲ್ಲ" ಅಂದೆಯಲ್ಲ. ಕೋಡನ್ನು ಎಲ್ಲರಿಗೂ ತೆರೆದಿಟ್ಟ ಮಾತ್ರಕ್ಕೆ ಕಾನೂನು ಬಿಡುವುದಿಲ್ಲ. ನಮ್ಮ ಮನೆಯ ಕೋವಿಯನ್ನೇ ನೋಡು. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ಬೇಡ. ಹಾಗಂತ ಸುಮ್ನೆ ಗೋಡೆಗೆ ತೂಗುಹಾಕಿದ್ದೇವಾ? ವಿನಾಯಿತಿ ಪತ್ರ ಬೀರುವಿನಲ್ಲಿದೆ, ಪ್ಲಾಸ್ಟಿಕ್ ಕವರಿನೊಳಗೆ. 2019ರಲ್ಲಿ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ಅದಕ್ಕೂ ಒಂದು ತಾರೀಕಿದೆ, ನೋಡು.

ಒಂದು ಕಾಲದಲ್ಲಿ ಅಮೆರಿಕದವರು ಎನ್‌ಕ್ರಿಪ್ಷನ್ನನ್ನೂ ಕೋವಿ, ಮದ್ದುಗುಂಡಿನ ರಫ್ತು ನಿರ್ಬಂಧದ ಪಟ್ಟಿಗೇ ಸೇರಿಸಿದ್ದರು. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಬರೆದ, ಇಮೇಲಿಗೆ ಬೀಗ ಹಾಕುವ ಪಿಜಿಪಿ ಪ್ರೋಗ್ರಾಂ ದೇಶ ದಾಟಿತು ಅಂತ ಅವರ ಮೇಲೆ ತನಿಖೆ ನಡೆಯಿತು, 1996ರಲ್ಲಿ ಕೈಬಿಟ್ಟರು. ಇದರಲ್ಲಿ ನನಗೆ ಇವತ್ತಿಗೂ ನಗು ಬರುವ ವಿಷಯ ಒಂದಿದೆ. ಫ್ಲಾಪಿಯಲ್ಲಿ ಕೋಡ್ ಕಳಿಸಿದರೆ ಅಪರಾಧ, ಅದೇ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರೆ ಅಡ್ಡಿಯಿಲ್ಲ! ಹಾಗೇ ಮಾಡಿದರು. 1997ರಲ್ಲಿ ಯುರೋಪಿನಲ್ಲಿ ಕೂತು ಪುಟಪುಟ ಸ್ಕ್ಯಾನ್ ಮಾಡಿ ಮತ್ತೆ ಪ್ರೋಗ್ರಾಂ ಕಟ್ಟಿದರು.

ಬೆಂಗಳೂರಿನಲ್ಲಿದ್ದಾಗ ನನಗೂ ಇದರ ಬಿಸಿ ತಟ್ಟಿತ್ತು. 2000ದಲ್ಲಿ ಡೆಬಿಯನ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಲು ಕೂತರೆ ನನಗೆ ಸಿಕ್ಕಿದ ಸಿಡಿಯಲ್ಲಿ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಗುಟ್ಟಾಗಿ ಸಂಪರ್ಕಿಸುವ ಪ್ರೋಗ್ರಾಂ) ಇಲ್ಲ. ಅದನ್ನು "ನಾನ್-ಯುಎಸ್" ಅಂತ ಅಮೆರಿಕದ ಹೊರಗಿನ ಬೇರೆ ಸರ್ವರಿನಲ್ಲಿ ಇಟ್ಟಿದ್ದರು. ಕಿರುಗುಟ್ಟುವ ಮೋಡೆಮ್ಮಿನಲ್ಲಿ ಅರ್ಧ ರಾತ್ರಿ ಕಾದು ಇಳಿಸಿಕೊಂಡೆ. ಹಳೇ ನಿಯಮದಲ್ಲಿ ಅಮೆರಿಕದ ಒಳಗೆ ತಂದರೆ ಪರವಾಗಿಲ್ಲ, ಹೊರಗೆ ಕಳಿಸಿದರೆ ತಪ್ಪು. ಕೇರಳ ಗಡಿಯ ಮಾಕುಟ್ಟ ಗೇಟಿನಲ್ಲಿ ಬರುವ ಗಾಡಿಯನ್ನು ಬಿಟ್ಟು ಹೋಗುವ ಗಾಡಿಯನ್ನು ಮಾತ್ರ ತಡೆದ ಹಾಗೆ. ಓಪನ್‌ಬಿಎಸ್‌ಡಿ ಅನ್ನೋ ಇನ್ನೊಂದು ಸಿಸ್ಟಂನವರು ಕೆನಡಾದಿಂದ ಕೆಲಸ ಮಾಡುತ್ತಿದ್ದರು, ಬಚಾವಾದರು.

ನಿಜ ಹೇಳಬೇಕೆಂದರೆ 2000ದ ಜನವರಿಯಲ್ಲೇ ಗೇಟು ಸಡಿಲವಾಗಿತ್ತು. ಕೋಡ್ ಎಲ್ಲರಿಗೂ ಸಿಗುವಂತಿದ್ದರೆ ಅಲ್ಲಿನ ಸರ್ಕಾರಕ್ಕೆ ಒಂದು ಇಮೇಲ್ ಕಳಿಸಿದರೆ ಸಾಕು ಅಂದರು. ಡೆಬಿಯನ್ ಮಾತ್ರ 2002ರಲ್ಲಷ್ಟೇ ತನ್ನ ಮುಖ್ಯ ಸಂಗ್ರಹಕ್ಕೆ ಎನ್‌ಕ್ರಿಪ್ಷನ್ ಸೇರಿಸಿತು. 2021ರಿಂದ ಎಇಎಸ್‌ನಂಥ ಎಲ್ಲರೂ ಬಳಸುವ ಎನ್‌ಕ್ರಿಪ್ಷನ್ ವಿಧಾನಕ್ಕೆ ಆ ಇಮೇಲೂ ಬೇಡ. ನೀನೇ ಹೊಸ ವಿಧಾನ ಹೊಸೆದರೆ ಮಾತ್ರ ಬೇಕು.

ಅದಕ್ಕೇ ಹೇಳ್ತೀನಿ, ಹೊಸೆಯಬೇಡ. ಕಾನೂನಿಗಾಗಿ ಅಷ್ಟೇ ಅಲ್ಲ, ಒಬ್ಬರೇ ಕೂತು ಮಾಡಿದ ಬೀಗವನ್ನು ಬೇರೆಯವರು ಬೇಗ ಮುರೀತಾರೆ. ನಿನ್ನ ಸರ್ವರ್ ಅಮೆರಿಕದಲ್ಲಿದೆಯಲ್ಲ, ಯಾವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಹಾಕಿದೆ, ಯಾವ ವಿಧಾನ, ಎಂದು ಏರಿಸಿದೆ ಅನ್ನೋದನ್ನು ಒಂದು ಫೈಲಿನಲ್ಲಿ ಬರೆದಿಡು. ಇಲ್ಲಿನ ಕಾನೂನನ್ನೂ ಮರೀಬೇಡ. ಐಟಿ ಕಾಯ್ದೆಯ 84ಎ ಕಲಂ ಪ್ರಕಾರ ಎನ್‌ಕ್ರಿಪ್ಷನ್ ಹೇಗಿರಬೇಕು ಅಂತ ಕೇಂದ್ರ ಸರ್ಕಾರ ನಿಯಮ ಮಾಡಬಹುದು. 2015ರಲ್ಲಿ ಒಂದು ಕರಡು ನೀತಿ ತಂದು, ಜನ ಬೈದ ಮೇಲೆ ಕೆಲವೇ ದಿನದಲ್ಲಿ ವಾಪಸ್ ತಗೊಂಡರು. ಇನ್ನೊಂದು ಬರಬಾರದು ಅಂತೇನಿಲ್ಲ.

ಕೈಲ್‌ಪೊಳ್ದ್ ಹಬ್ಬಕ್ಕೆ ಬರುವಾಗ ಲ್ಯಾಪ್‌ಟಾಪ್ ತಾ. ನನ್ನ ಹಳೇ ಮೆಷಿನ್ನಿಗೆ ನಿನ್ನ ಸಿಸ್ಟಂ ಹಾಕಿ ನೋಡೋಣ, ಕರೆಂಟ್ ಇದ್ದರೆ.

ನಿನ್ನ ಮಾವ