ಎರಡು ತೇರ್ಸ್ ದೂರದ ದಾರಿ

ಮಾನ್ಯ ಸಂಪಾದಕರೇ,

ಹಳ್ಳಿಗಳಿಗೂ ತೆರೆದ ಜಿಮ್ ಬೇಕು ಎಂದು ಓದುಗರೊಬ್ಬರು ಕಳೆದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ನಮ್ಮ ಮನೆಯಲ್ಲಿ ಆ ಪತ್ರವನ್ನು ಗಟ್ಟಿಯಾಗಿ ಓದಿದ್ದು ನನ್ನ ಮಗ. ಓದಿ ಮುಗಿಸಿ, ‘ನೋಡಿ ಪಪ್ಪಾ’ ಎಂದು ನನ್ನ ಹೊಟ್ಟೆಯ ಕಡೆ ನೋಡಿದ. ಉತ್ತರ ಬರೆಯುವ ಕೆಲಸ ನನ್ನ ತಲೆಗೇ ಬಂತು. ಜಿಮ್ ಬೇಡ ಅಂತ ನಾನು ಹೇಳುವುದಿಲ್ಲ. ಅದಕ್ಕಿಂತ ಮೊದಲು ಇನ್ನೊಂದನ್ನು ಕೇಳುವುದಿದೆ: ಹಳ್ಳಿಯ ರಸ್ತೆ ಬದಿಯಲ್ಲಿ ನಡೆಯಲು ಜಾಗ. ಅಲ್ಲಿಗೆ ಸ್ವಲ್ಪ ಸುತ್ತಿ ಬರಬೇಕು. ಉದ್ದ ಜಾಸ್ತಿಯಾದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಕಾರ್ಕಳ ತಾಲ್ಲೂಕಿನ ಹಳ್ಳಿಯೊಂದರ ಕ್ಯಾಥೊಲಿಕ್ ಮನೆಯವನು. ಮಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ. 27 ವರ್ಷದಿಂದ ಕುರ್ಚಿಯಲ್ಲಿ ಕೂತಿದ್ದೇನೆ. ವಯಸ್ಸು 53. ಒಂದು ತೇರ್ಸಿನಲ್ಲಿ ಎಷ್ಟು ‘ನಮಾನ್ ಮರಿಯೆ’ (ಮರಿಯಮ್ಮನವರಿಗೆ ಹೇಳುವ ಪ್ರಾರ್ಥನೆ) ಇದೆಯೋ ಅಷ್ಟು. ತೇರ್ಸ್ ಅಂದರೆ ಜಪಮಾಲೆ ಹಿಡಿದು ಮಾಡುವ ಪ್ರಾರ್ಥನೆ. ನಮ್ಮ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಅದು ಆಗಲೇಬೇಕು. ಮುಗಿದ ಕೂಡಲೇ ಮಕ್ಕಳು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಕೇಳಬೇಕು, ಅಂದರೆ ಆಶೀರ್ವಾದ. ಬೆಸಾಂವ್ ಕೇಳದವರಿಗೆ ನಮ್ಮಲ್ಲಿ ಊಟ ಇರಲಿಲ್ಲ. ಹಾಗಾಗಿ ನಾವು ಬಹಳ ಭಕ್ತಿಯ ಮಕ್ಕಳಾಗಿದ್ದೆವು.

ಮನೆಯಿಂದ ಇಗರ್ಜಿಗೆ, ಅಂದರೆ ಚರ್ಚಿಗೆ, ಮೂರು ಕಿಲೋಮೀಟರ್. ಇದು ನನಗೆ ಗೊತ್ತಾದದ್ದು ಬೈಕ್ ತೆಗೆದ ಮೇಲೆ. ಅಮ್ಮನ ಲೆಕ್ಕದಲ್ಲಿ ಅದು ಎರಡು ತೇರ್ಸ್ ದೂರ. ಆದಿತ್ಯವಾರ ಬೆಳಿಗ್ಗೆ ಐದೂ ಕಾಲಿಗೆ ಹೊರಟರೆ ಆರು ಗಂಟೆಯ ಪೂಜೆಗೆ ಸರಿಯಾಗಿ ಮುಟ್ಟುತ್ತಿದ್ದೆವು. ಮುಂದೆ ಅಪ್ಪ, ಕೈಯಲ್ಲಿ ತೆಂಗಿನ ಗರಿಯ ಸೂಟೆ. ಅದು ನಂದಿಹೋಗದಂತೆ ಬೀಸುತ್ತಾ ಹೋಗಬೇಕು. ಹಿಂದೆ ಅಮ್ಮ, ಅವರ ಹಿಂದೆ ನಾವು ಮೂವರು. ಅಂಗಳ ಇಳಿಯುವಾಗ ಶಿಲುಬೆಯ ಗುರುತು. ಗದ್ದೆ ಹುಣಿಯ ಮೇಲೆ ಮೊದಲ ಹತ್ತು ಮಣಿ. ತೋಡಿನ ಮೇಲೆ ಅಡಿಕೆ ಮರದ ಸಂಕ ದಾಟುವಾಗ ಮಾತ್ರ ಅಮ್ಮ ಪ್ರಾರ್ಥನೆ ನಿಲ್ಲಿಸುತ್ತಿದ್ದರು. ‘ಕಾಲು ನೋಡಿ ಇಡು’ ಎಂದು ಮೂವರಿಗೂ ಒಂದೊಂದು ಸಲ ಹೇಳಿ, ಬಿಟ್ಟ ಮಣಿಯಿಂದಲೇ ಮತ್ತೆ ಹಿಡಿಯುತ್ತಿದ್ದರು. ರಬ್ಬರ್ ತೋಟದ ಗೇಟಿನ ಹತ್ತಿರ ಮೊದಲ ತೇರ್ಸ್ ಮುಗಿಯಬೇಕು. ಗೇಟು ಬರುವ ಮೊದಲೇ ಮುಗಿಯಿತೋ, ನಾವು ನಿಧಾನ ಅಂತ ಅರ್ಥ. ಆಮೇಲೆ ಓಟ.

ಇಷ್ಟೆಲ್ಲ ಖಾಲಿ ಹೊಟ್ಟೆಯಲ್ಲಿ. ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವ ಒಂದು ಗಂಟೆ ಮೊದಲು ಏನೂ ತಿನ್ನದಿದ್ದರೆ ಸಾಕು ಎಂದು ರೋಮಿನಲ್ಲಿ 1964ರಲ್ಲೇ ಹೇಳಿದ್ದಾರೆ. ಅಮ್ಮ ಅದನ್ನು ಒಪ್ಪಲೇ ಇಲ್ಲ. ಅವರು ಹುಡುಗಿಯಾಗಿದ್ದಾಗ ನಡುರಾತ್ರಿಯಿಂದಲೇ ಉಪವಾಸ ಇತ್ತು. ‘ಒಂದು ಗಂಟೆ ಹಸಿವಿಗೆ ಉಪವಾಸ ಅಂತ ಹೆಸರು ಬೇರೆ’ ಎನ್ನುತ್ತಿದ್ದರು. ವಾಪಸು ಬಂದ ಮೇಲೆಯೇ ಗಂಜಿ, ಸುಟ್ಟ ಒಣಮೀನು, ಮಾವಿನ ಮಿಡಿ ಉಪ್ಪಿನಕಾಯಿ. ನನ್ನ ಮಗ ಈಗ ಬೆಳಿಗ್ಗೆ ಏನೂ ತಿನ್ನದೆ ಓಡುತ್ತಾನೆ. ಅದಕ್ಕೆ ‘ಫಾಸ್ಟೆಡ್ ಕಾರ್ಡಿಯೊ’ ಅಂತ ಹೆಸರಂತೆ. ಅಜ್ಜಿಗೆ ಫೋನಿನಲ್ಲಿ ವಿವರಿಸಿದ. ಅಜ್ಜಿ ಎಲ್ಲ ಕೇಳಿ, ‘ಮತ್ತೆ ಪೂಜೆಗೆ ಹೋದೆಯಾ?’ ಎಂದರು.

ನನ್ನ ಕಥೆ ಹಾಳಾದದ್ದು ಊರು ಬಿಟ್ಟ ಮೇಲೆ. ಎರಡು ವರ್ಷದ ಹಿಂದೆ ಮಗನನ್ನು ಕರೆದುಕೊಂಡು ಕಾರ್ಕಳದ ಗೊಮ್ಮಟ ಬೆಟ್ಟಕ್ಕೆ ಹೋದೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ. ಬಂಡೆಯಲ್ಲೇ ಕೆತ್ತಿದ ಮೆಟ್ಟಿಲು. ಶಾಲೆಯ ದಿನಗಳಲ್ಲಿ ಯಾರು ಮೊದಲು ಎಂದು ಪಂದ್ಯ ಕಟ್ಟಿ ಓಡಿ ಹತ್ತಿದ ಜಾಗ. ಆವತ್ತು ಮೂರು ಕಡೆ ನಿಂತೆ. ಮೂರನೇ ಸಲ, ಊರು ನೋಡುವವನ ಹಾಗೆ ಸೊಂಟಕ್ಕೆ ಕೈಯಿಟ್ಟು ಆನೆಕೆರೆಯ ಕಡೆ ತಿರುಗಿ ಏದುಸಿರು ಬಿಡುತ್ತಿದ್ದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸೀರೆಯ ನೆರಿಗೆ ಎತ್ತಿ ಹಿಡಿದು ನನ್ನನ್ನು ದಾಟಿ ಹೋದರು. ‘ನಿಧಾನ ಬನ್ನಿ, ಅವಸರ ಇಲ್ಲ’ ಎಂದು ನನಗೇ ಸಮಾಧಾನ ಬೇರೆ ಹೇಳಿದರು. ಮೇಲೆ ಹೋದರೆ ಬಾಹುಬಲಿ ಆರು ಶತಮಾನದಿಂದ ನಿಂತೇ ಇದ್ದಾನೆ, ಒಂದು ಚೂರು ಸುಸ್ತಿಲ್ಲ. ಆ ವಾರವೇ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.1 ಬಂತು. 6.5ಕ್ಕೇ ಮಧುಮೇಹ ಅನ್ನುತ್ತಾರೆ.

ವ್ಯಾಯಾಮ ಮಾಡದಿರಲು ನನ್ನ ಹತ್ತಿರ ಇಪ್ಪತ್ತು ವರ್ಷದಿಂದ ಒಂದು ಬೈಬಲ್ ವಾಕ್ಯ ಇತ್ತು. ಪೌಲರು ತಿಮೊಥೆಯನಿಗೆ ಬರೆದ ಮೊದಲ ಪತ್ರ, ನಾಲ್ಕನೇ ಅಧ್ಯಾಯ, ಎಂಟನೇ ವಚನ. ದೇಹದ ಸಾಧನೆಯಿಂದ ಲಾಭ ಸ್ವಲ್ಪ, ಭಕ್ತಿಯಿಂದ ಎಲ್ಲದಕ್ಕೂ ಲಾಭ ಅನ್ನುವ ಅರ್ಥದ ಮಾತು. ಹೆಂಡತಿ ವಾಕಿಂಗ್ ಅಂದಾಗಲೆಲ್ಲ ಇದನ್ನು ಎತ್ತುತ್ತಿದ್ದೆ. ಬೆಟ್ಟದಿಂದ ಬಂದ ರಾತ್ರಿ ಮಗ ಬೈಬಲ್ ತೆಗೆದು ಆ ವಚನ ಓದಿದ. ‘ಪಪ್ಪಾ, ಸ್ವಲ್ಪ ಲಾಭ ಅಂದರೆ ಲಾಭ ಇಲ್ಲ ಅಂತ ಅಲ್ವಲ್ಲ. ಆ ಸ್ವಲ್ಪವನ್ನಾದರೂ ತಗೊಳ್ಳಿ’ ಎಂದ. ಸಾಲದ್ದಕ್ಕೆ ನಮ್ಮ ದೇಹ ಪವಿತ್ರಾತ್ಮನ ಗುಡಿ ಎಂದು ಅದೇ ಪೌಲರು ಕೊರಿಂಥದವರಿಗೆ ಬರೆದದ್ದನ್ನೂ ತೋರಿಸಿದ. ಗುಡಿಗೆ ಆದಿತ್ಯವಾರ ಮಧ್ಯಾಹ್ನ ಹಂದಿ ಬಫಾತು, ಸನ್ನ ತುಂಬಿ, ಮೇಲೆ ಎರಡು ಗಂಟೆ ನಿದ್ದೆ. ನಾನು ಸುಮ್ನೆ ಕೂತೆ. ಜಿಮ್‌ಗೆ ಹೋಗುವ ಹುಡುಗರು ಬೈಬಲ್ ಓದುವುದಿಲ್ಲ ಅಂದುಕೊಂಡಿದ್ದು ನನ್ನದೇ ತಪ್ಪು. ಅವನ ಪ್ರೋಟೀನ್ ಡಬ್ಬ ನಮ್ಮ ಅಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಕೆಳಗಿನ ಕಪಾಟಿನಲ್ಲೇ ಇರುತ್ತದೆ. ಮೊದಲು ನನಗೆ ಕಿರಿಕಿರಿಯಾಗುತ್ತಿತ್ತು, ಈಗ ಇಲ್ಲ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ ಎಂದರು ವೈದ್ಯರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಷ್ಟೇ. ಮಗ ಹೆಜ್ಜೆ ಎಣಿಸುವ ವಾಚ್ ಕಟ್ಟಿಕೊಟ್ಟ. ಹತ್ತು ದಿನದಲ್ಲಿ ಬೇಸರ ಬಂತು. ಕದ್ರಿ ಪಾರ್ಕಿನಲ್ಲಿ ಸುತ್ತು ಹಾಕುವಾಗ ಪ್ರತಿ ಐದು ನಿಮಿಷಕ್ಕೆ ಕೈ ನೋಡುತ್ತಿದ್ದೆ. ಹನ್ನೊಂದನೇ ದಿನ ವಾಚ್ ಬಿಟ್ಟು ಜೇಬಿನಲ್ಲಿ ಜಪಮಾಲೆ ಹಾಕಿಕೊಂಡೆ. ಒಂದು ತೇರ್ಸಿಗೆ ಸುಮಾರು ಇಪ್ಪತ್ತು ನಿಮಿಷ. ದಿನಕ್ಕೆ ಎರಡು. ವಾರಕ್ಕೆ ನಾಲ್ಕು ದಿನ ಹೋದರೂ ವೈದ್ಯರ ಲೆಕ್ಕ ಸರಿ. ತೇರ್ಸ್ ಹೇಳುವಾಗ ಧ್ಯಾನಿಸುವ ಯೇಸು, ಮರಿಯಮ್ಮನವರ ಬದುಕಿನ ಘಟನೆಗಳಿಗೆ ರಹಸ್ಯ ಅನ್ನುತ್ತೇವೆ. ಸೋಮವಾರ ಸಂತೋಷದ ರಹಸ್ಯ, ಮಂಗಳವಾರ ದುಃಖದ್ದು, ಬುಧವಾರ ಮಹಿಮೆಯದ್ದು. ಗುರುವಾರ ಬೆಳಕಿನ ರಹಸ್ಯ. ಅದನ್ನು ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಸೇರಿಸಿದ್ದು. ನಮ್ಮಪ್ಪ ಅದಕ್ಕೆ ‘ಹೊಸತು’ ಎಂದೇ ಹೇಳುತ್ತಿದ್ದರು, ಕಡೆಯ ತನಕ ಕಲಿಯಲಿಲ್ಲ. ಪಾರ್ಕಿನಲ್ಲಿ ನನ್ನ ಹಾಗೆ ತುಟಿ ಅಲ್ಲಾಡಿಸುತ್ತಾ ನಡೆಯುವವರು ಇನ್ನೂ ಇದ್ದಾರೆ. ಒಬ್ಬರದ್ದು ವಿಷ್ಣು ಸಹಸ್ರನಾಮ. ಇನ್ನೊಬ್ಬರು ಬೆಳಗಿನ ನಮಾಜು ಮುಗಿಸಿ ತಸ್ಬೀಹ್ ಮಣಿಸರ ಹಿಡಿದು ಬರುತ್ತಾರೆ. ಎದುರಾದಾಗ ಮಾತಿಲ್ಲ, ತಲೆ ಅಲ್ಲಾಡಿಸುವುದಷ್ಟೇ. ಮಧ್ಯದಲ್ಲಿ ಮಾತಾಡಿದರೆ ಮೂವರಿಗೂ ಲೆಕ್ಕ ತಪ್ಪುತ್ತದೆ. ಎಂಟು ತಿಂಗಳಲ್ಲಿ ನನ್ನ ಸಕ್ಕರೆ 6.8ಕ್ಕೆ ಇಳಿಯಿತು. ಮಾತ್ರೆಯೂ ಇದೆ, ಎಲ್ಲ ಜಪಮಾಲೆಯ ಮಹಿಮೆ ಎಂದರೆ ಸುಳ್ಳಾಗುತ್ತದೆ.

ನಡೆಯುವುದು ನಮ್ಮ ಕಡೆಗೆ ಹೊಸತೇನಲ್ಲ. ಕಾರ್ಕಳದ ಹತ್ತಿರದ ಅತ್ತೂರು ಚರ್ಚಿನ ಜನವರಿಯ ಹಬ್ಬ ಸಾಂತ್‌ಮಾರಿಗೆ ಸುತ್ತಲಿನ ಹಳ್ಳಿಗಳಿಂದ ನಡೆದೇ ಬರುತ್ತಿದ್ದರು. ಕ್ರೈಸ್ತರು ಮಾತ್ರ ಅಲ್ಲ, ಎಲ್ಲರೂ. ಪಕ್ಕದ ಮನೆಯ ಶೆಟ್ಟರು ಹಿಂದಿನ ದಿನವೇ ಅಂಗಳಕ್ಕೆ ಬಂದು ಅಪ್ಪನನ್ನು ಕೇಳುತ್ತಿದ್ದರು, ‘ಪೊರ್ಬುಳೇ (ನಮ್ಮವರನ್ನು ಹಾಗೆ ಕರೆಯುತ್ತಾರೆ), ಎಷ್ಟು ಗಂಟೆಗೆ ಹೊರಡುವುದು?’ ಅವರಿಗೆ ಹರಕೆಯ ಮೊಂಬತ್ತಿ, ನಮಗೆ ಪೂಜೆ, ಮಕ್ಕಳಿಗೆ ಸಂತೆಯ ಬಳೆ, ಪೀಪಿ, ಖರ್ಜೂರ. ಆ ಚರ್ಚಿನ ಬಗ್ಗೆ ಹಿರಿಯರು ಒಂದು ಕಥೆ ಹೇಳುತ್ತಾರೆ. ಸಂತ ಲಾರೆನ್ಸರ ಪ್ರತಿಮೆ ಹಿಡಿದು ಚರ್ಚಿಗೆ ಜಾಗ ಹುಡುಕುತ್ತಾ ಹೊರಟವರು ಬಾಯಾರಿಕೆಯಾಗಿ ಅದನ್ನು ಕೆಳಗಿಟ್ಟರಂತೆ. ನೀರು ಕುಡಿದು ಎತ್ತಲು ಹೋದರೆ ಪ್ರತಿಮೆ ಮೇಲೇಳಲಿಲ್ಲವಂತೆ. ಅಲ್ಲೇ ಚರ್ಚು ಕಟ್ಟಿದರಂತೆ. ಅಷ್ಟು ದೂರ ನಡೆದು ಹೋದ ಅಪ್ಪ ಪ್ರತಿ ವರ್ಷ ಚಪ್ಪಲಿ ಬಿಟ್ಟು ಕಾಲು ನೀವಿಕೊಳ್ಳುತ್ತಾ ಹೇಳುತ್ತಿದ್ದ ಮಾತು: ‘ಸಂತರಿಗೂ ನಡೆದು ಸಾಕಾಗಿತ್ತು ಕಾಣುತ್ತದೆ.’ 2016ರಲ್ಲಿ ಆ ಚರ್ಚು ಬಸಿಲಿಕಾ ಆಯಿತು, ಅಂದರೆ ರೋಮಿನಿಂದ ವಿಶೇಷ ಗೌರವ ಸಿಕ್ಕ ಚರ್ಚು. ಈಗ ಹಬ್ಬದ ದಿನ ಅಲ್ಲಿ ದೊಡ್ಡ ಪ್ರಶ್ನೆ ಕಾರು ನಿಲ್ಲಿಸುವುದು ಎಲ್ಲಿ ಎಂಬುದು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಟ್ಟೆಯಲ್ಲಿ ತುಂಬಿಕೊಂಡು ಇಗರ್ಜಿಗೆ ಹೋಗುವ ದಿನಗಳು. ನಾವು ಊರಿಗೆ ಹೋಗಿದ್ದೆವು. ಹಳೇ ದಾರಿಯಲ್ಲಿ ನಡೆದೇ ಪೂಜೆಗೆ ಹೋಗೋಣ ಎಂದೆ. ಮಗನೂ ಹೊರಟ. ಗದ್ದೆ ಹುಣಿ ಇಲ್ಲ, ಗದ್ದೆಯೇ ಇಲ್ಲ. ಅಡಿಕೆ ತೋಟವಾಗಿದೆ, ಸುತ್ತ ಬೇಲಿ. ಸಂಕದ ಜಾಗದಲ್ಲಿ ಪಂಪ್ ಶೆಡ್. ಹಾಗಾಗಿ ಡಾಮರು ರಸ್ತೆಯೇ ಗತಿ.

ರಸ್ತೆ ಅಗಲವಾಗಿದೆ, ಚೆನ್ನಾಗಿದೆ, ಕಾರಿನಲ್ಲಿ ಹೋಗುವಾಗ ನಾನೂ ಹೊಗಳಿದವನೇ. ಕಾಲಿನಲ್ಲಿ ಇಳಿದಾಗ ಗೊತ್ತಾಯಿತು. ಡಾಮರಿನ ಅಂಚು ಮುಗಿದಲ್ಲಿ ಅರ್ಧ ಅಡಿ ಇಳಿಜಾರು, ಅದರ ಪಕ್ಕಕ್ಕೇ ಮುಚ್ಚಳ ಇಲ್ಲದ ಕಾಂಕ್ರೀಟ್ ಚರಂಡಿ, ಅದರ ಆಚೆ ಯಾರದ್ದೋ ಕಾಂಪೌಂಡ್ ಗೋಡೆ. ಮನುಷ್ಯ ನಿಲ್ಲಲು ಒಂದು ಗೇಣು ಜಾಗ ಬಿಟ್ಟಿಲ್ಲ. ಹಿಂದಿನಿಂದ ಕಲ್ಲು ತುಂಬಿದ ಟಿಪ್ಪರ್ ಬಂತು. ಮಗ ನನ್ನ ತೋಳು ಹಿಡಿದು ಎಳೆದ. ನನ್ನ ಎಡಗಾಲು ಅಂಚಿನಿಂದ ಜಾರಿ ಚರಂಡಿಯ ಕಲ್ಲಿಗೆ ಬಡಿಯಿತು. ತೇರ್ಸಿನ ನಾಲ್ಕನೇ ಹತ್ತು ಮಣಿಯಲ್ಲಿದ್ದೆ. ಜಪಮಾಲೆ ಚರಂಡಿಗೆ ಬಿತ್ತು. ಮಗ ಕೆಳಗಿಳಿದು ಕೆಸರಿನಲ್ಲಿ ಕೈಯಾಡಿಸಿ ಹುಡುಕಿ ತಂದ. ಪಾದ ಎರಡು ವಾರ ಊದಿತ್ತು. ನಾವು ಅಲ್ಲೇ ಕಲ್ಲಿನ ಮೇಲೆ ಕೂತಿದ್ದಾಗ ಹೂವಿನ ತಟ್ಟೆ ಹಿಡಿದ ಮಕ್ಕಳು ದಾಟಿ ಹೋದರು. ಎಲ್ಲರೂ ಕಾರಿನಲ್ಲಿ, ರಿಕ್ಷಾದಲ್ಲಿ. ಒಂದು ಪುಟ್ಟ ಹುಡುಗಿ ಕಿಟಕಿಯಿಂದ ನಮಗೆ ಟಾಟಾ ಮಾಡಿದಳು. ಅವರ ಅಪ್ಪ ಅಮ್ಮನನ್ನು ನಾನು ದೂರುವುದಿಲ್ಲ. ಆ ರಸ್ತೆಯಲ್ಲಿ ನನ್ನ ಮಕ್ಕಳನ್ನೂ ನಾನು ನಡೆಸುತ್ತಿರಲಿಲ್ಲ.

ಸಂಪಾದಕರೇ, ನನ್ನ ಕೇಳಿಕೆ ಇಷ್ಟೇ. ಹಳ್ಳಿಯ ರಸ್ತೆ ಅಗಲ ಮಾಡುವಾಗ ಒಂದು ಬದಿಯಲ್ಲಾದರೂ ನಾಲ್ಕು ಅಡಿ ನಡೆಯುವವರಿಗೆ ಬಿಡಿ. ಪೇಟೆಯ ಕಾಲುದಾರಿಗೆ ಕನಿಷ್ಠ 1.8 ಮೀಟರ್ ಬೇಕು ಎನ್ನುತ್ತದೆ ರಸ್ತೆಗಳ ಮಾನದಂಡ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ನಾನು ಅಷ್ಟೂ ಕೇಳುತ್ತಿಲ್ಲ. ಟೈಲ್ಸ್ ಬೇಡ, ರೇಲಿಂಗ್ ಬೇಡ. ಡಾಮರಿನ ಸಮಕ್ಕೆ ಕೆಂಪು ಮಣ್ಣು ಗಟ್ಟಿ ಮಾಡಿ, ಚರಂಡಿಗೆ ಚಪ್ಪಡಿ ಮುಚ್ಚಿದರೂ ಸಾಕು. ಚಪ್ಪಡಿಯ ಮೇಲೆಯೇ ನಡೆಯುತ್ತೇವೆ. ಶಾಲೆ, ದೇವಸ್ಥಾನ, ಮಸೀದಿ, ಇಗರ್ಜಿ, ಹಾಲಿನ ಡೇರಿ, ಇವುಗಳಿಗೆ ಹೋಗುವ ದಾರಿಗಳಿಂದ ಶುರು ಮಾಡಲಿ. ಜಿಮ್ ಕೇಳಿದ ಓದುಗರಿಗೆ ಒಂದು ಮಾತು: ನಾನು ನೋಡಿದ ಒಂದು ತೆರೆದ ಜಿಮ್‌ನಲ್ಲಿ ತಿರುಗಿಸುವ ಚಕ್ರಕ್ಕೆ ತುಕ್ಕು ಹಿಡಿದಿದೆ, ಕೈ ಎಳೆಯುವ ಸರಳಿನ ಮೇಲೆ ಯಾರೋ ಲುಂಗಿ ಒಣಗಿಸುತ್ತಾರೆ. ನಿಮ್ಮೂರಿನಲ್ಲಿ ಹಾಗಾಗದಿರಲಿ. ಆದರೆ ಆ ಜಿಮ್‌ಗೆ ಜನ ಹೋಗುವುದಾದರೂ ಯಾವ ದಾರಿಯಲ್ಲಿ, ಬೈಕಿನಲ್ಲಾ?

ಅಮ್ಮನಿಗೆ ಈಗ 84. ಮಂಡಿ ಪರವಾಗಿಲ್ಲ, ಮನೆಯ ಸುತ್ತ ನಡೆಯುತ್ತಾರೆ. ಆದರೆ ರಸ್ತೆಗೆ ಬಿಡಲು ನಮಗೆ ಧೈರ್ಯ ಇಲ್ಲ, ಆದಿತ್ಯವಾರ ರಿಕ್ಷಾದಲ್ಲೇ ಹೋಗುತ್ತಾರೆ. ಅಂಗಳ ಇಳಿಯುವಾಗ ಶಿಲುಬೆಯ ಗುರುತು ಮಾಡಿ ತೇರ್ಸ್ ಶುರು ಮಾಡುವುದನ್ನು ಬಿಟ್ಟಿಲ್ಲ. ಇಗರ್ಜಿಯ ಗೇಟಿನ ಹತ್ತಿರ ರಿಕ್ಷಾ ನಿಂತಾಗ ಇನ್ನೂ ಎರಡನೇ ಹತ್ತು ನಡೆಯುತ್ತಿರುತ್ತದೆ. ಇಳಿಯುವುದಿಲ್ಲ. ರಿಕ್ಷಾದ ಹುಡುಗ ಇಂಜಿನ್ ಆಫ್ ಮಾಡಿ, ತಿರುಗಿ ಕೂತು, ‘ಬಾಯಮ್ಮ, ಇನ್ನೆಷ್ಟು ಮಣಿ ಉಂಟು?’ ಎಂದು ಕೇಳುತ್ತಾನೆ. ಅಮ್ಮ ಬಾಯಿ ನಿಲ್ಲಿಸದೆ, ಬೆರಳಿನಲ್ಲಿ ಲೆಕ್ಕ ತೋರಿಸುತ್ತಾರೆ.

ಇಂತಿ ನಿಮ್ಮ ಓದುಗ,
ಕಾರ್ಕಳ ತಾಲ್ಲೂಕಿನವ, ಸದ್ಯ ಮಂಗಳೂರು