‘ನನ್ನ ಕೈಲಿ ಆಗಲ್ಲ ಕಣೇ’ ಅಂದ ಅಕ್ಕನಿಗೆ

ಹೌನ್ಸ್ಲೋ, ಲಂಡನ್
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮ, ಭಾವ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ದಿನಾ ವಾಟ್ಸಾಪಿನಲ್ಲಿ ಮುಖ ನೋಡುತ್ತೀವಿ, ಈ ಪತ್ರ ಯಾಕೆ ಅಂತ ನೀನು ನಗುತ್ತೀಯ, ಗೊತ್ತು. ಫೋನಿನಲ್ಲಿ ನಾನು ಎರಡು ಮಾತು ಮುಗಿಸುವಷ್ಟರಲ್ಲಿ “ಕುಕ್ಕರ್ ಕೂಗ್ತಿದೆ, ಇಡ್ತೀನಿ” ಅಂತೀಯ. ಪತ್ರವನ್ನು ಹಾಗೆ ಕಟ್ ಮಾಡೋಕೆ ಆಗಲ್ಲ ಅಲ್ವಾ.

ಹೋದ ವಾರ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. “ಡಾಕ್ಟರು ದಿನಾ ಅರ್ಧ ಗಂಟೆ ನಡೀಬೇಕು ಅಂದಿದ್ದಾರೆ. ನನ್ನ ಕೈಲಿ ಆಗಲ್ಲ ಕಣೇ. ನಮ್ಮನೇಲಿ ಯಾರಿಗಾದ್ರೂ ಅದೆಲ್ಲ ಅಭ್ಯಾಸ ಇದ್ಯಾ?” ಶುಗರ್ ಬಂದಿದೆ ಅಂದಾಗ ನನಗೆ ಅಷ್ಟು ಗಾಬರಿ ಆಗಲಿಲ್ಲ. ಈ ಮಾತು ಕೇಳಿ ಆಯಿತು. ಯಾಕೆಂದರೆ ಜನವರಿಯಲ್ಲಿ ನಾನೂ ಇದೇ ಮಾತು ಹೇಳಿದ್ದೆ. ಇಲ್ಲಿನ ನರ್ಸ್ ಮುಂದೆ, ಇಂಗ್ಲಿಷಿನಲ್ಲಿ.

ನಿಮಗೆಲ್ಲ ಸುಮ್ನೆ ಚಿಂತೆ ಅಂತ ಆಗ ಹೇಳಿರಲಿಲ್ಲ. ಇಲ್ಲಿ 40ರಿಂದ 74 ವರ್ಷದವರನ್ನು ಐದು ವರ್ಷಕ್ಕೊಮ್ಮೆ ಕರೆದು ಬಿ.ಪಿ., ತೂಕ, ರಕ್ತ ಎಲ್ಲ ನೋಡುತ್ತಾರೆ. ಮೂರು ತಿಂಗಳ ಸಕ್ಕರೆ ತೋರಿಸುವ ಟೆಸ್ಟ್ ಇದೆಯಲ್ಲ, ಎಚ್‌ಬಿಎ1ಸಿ, ಅದನ್ನು ಇಲ್ಲಿ ಬೇರೆ ಲೆಕ್ಕದಲ್ಲಿ ಹೇಳುತ್ತಾರೆ. 42ರಿಂದ 47 ಇದ್ದರೆ ಅಂಚಿನಲ್ಲಿದ್ದೀರಿ ಅಂತ. 48 ಮುಟ್ಟಿದರೆ ಸಕ್ಕರೆ ಕಾಯಿಲೆ. ನನ್ನದು 44. ನಿನ್ನ ರಿಪೋರ್ಟಿನ ಲೆಕ್ಕದಲ್ಲಿ 6.2. ತೂಕದಲ್ಲೂ ನಮ್ಮ ಕಡೆಯವರಿಗೆ ರಿಯಾಯಿತಿ ಇಲ್ಲ. ಬಿಳಿಯರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ಆದಾಗ ಹೇಳುವ ಎಚ್ಚರಿಕೆಯನ್ನು ನಮಗೆ 23ಕ್ಕೇ ಹೇಳುತ್ತಾರೆ. ಹೊಟ್ಟೆ ಸುತ್ತ ಬೊಜ್ಜು ಕಟ್ಟುವ ಮೈ ನಮ್ಮದು.

“ಓಡೋಕೆ ಶುರು ಮಾಡಿ” ಅಂದರು ಆ ನರ್ಸ್. ನನಗೆ ನಗು ಬಂತು. ಎಂಟನೇ ಕ್ಲಾಸಿನ ಸ್ಪೋರ್ಟ್ಸ್ ಡೇ ನೆನಪಿದೆಯಾ? ಇನ್ನೂರು ಮೀಟರ್ ಓಟ. ಎಲ್ಲರೂ ಮುಗಿಸಿ ನೀರು ಕುಡೀತಿದ್ದರು, ನಾನಿನ್ನೂ ತಿರುವಿನಲ್ಲಿದ್ದೆ. ಪಿ.ಟಿ. ಮೇಷ್ಟ್ರು “ನೀನು ಸ್ಕೋರ್ ಬರಿ, ಸಾಕು” ಅಂತ ಪೆನ್ನು ಕೊಟ್ಟರು. ಅವತ್ತಿಂದ ಬರೆಯುತ್ತಲೇ ಇದ್ದೇನೆ ನೋಡು, ಈಗಲೂ ಆಫೀಸಿನಲ್ಲಿ ಬೇರೆಯವರ ಲೆಕ್ಕವನ್ನೇ. ಮೇಷ್ಟ್ರ ಮೇಲೆ ಕೋಪವಿಲ್ಲ. ಆದರೆ ಆ ಒಂದು ಮಾತನ್ನು ಸರ್ಟಿಫಿಕೇಟಿನ ಥರ ಮೂವತ್ತು ವರ್ಷ ಜೋಪಾನ ಮಾಡಿದವಳು ನಾನೇ.

ನರ್ಸ್ ಒಂದು ಆ್ಯಪ್ ತೋರಿಸಿದರು. ‘ಕೌಚ್ ಟು 5ಕೆ’. ಸೋಫಾದಿಂದ ಐದು ಕಿಲೋಮೀಟರಿಗೆ ಅಂತ ಇಟ್ಟುಕೋ. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನುವ ಅಮೆರಿಕದವರು ಮಾಡಿದ ಯೋಜನೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರು ಅದನ್ನೇ ಒಂಬತ್ತು ವಾರದ ಆ್ಯಪ್ ಮಾಡಿ ಪುಕ್ಕಟೆ ಕೊಡುತ್ತಾರೆ. ವಾರಕ್ಕೆ ಮೂರೇ ದಿನ. ಮೊದಲ ವಾರ ಏನು ಗೊತ್ತಾ? ಐದು ನಿಮಿಷ ಚುರುಕಾಗಿ ನಡೆಯಬೇಕು. ಆಮೇಲೆ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ.

ಒಂದು ನಿಮಿಷ ಅಂದರೆ ಹಾಲು ಉಕ್ಕಿ ಸ್ಟೌವ್ ಮೇಲೆ ಚೆಲ್ಲುವಷ್ಟು ಹೊತ್ತೂ ಅಲ್ಲ. ಆದರೂ ಫೆಬ್ರವರಿಯ ಆ ಚಳಿಯಲ್ಲಿ, ಮನೆ ಹತ್ತಿರದ ಪಾರ್ಕಿನಲ್ಲಿ, ಮೂರನೇ ಸಲದ ಒಂದು ನಿಮಿಷಕ್ಕೇ ಸತ್ತೆ ಅನ್ನಿಸಿತು. ನಮ್ಮ ತಲೆ ಮೇಲೇ ಹೀಥ್ರೂಗೆ ಇಳಿಯುವ ವಿಮಾನಗಳು ಹೋಗುತ್ತವೆ. ಒಂದು ಹೋಗಿ ಇನ್ನೊಂದು ಬರೋಕೆ ಹೆಚ್ಚುಕಡಿಮೆ ಒಂದೂವರೆ ನಿಮಿಷ. ನನ್ನ ನಡಿಗೆಯ ಲೆಕ್ಕಕ್ಕೆ ಸರಿಯಾಗಿ. ಮುಂದಿನ ವಿಮಾನ ತಡವಾಗಿ ಬರಲಪ್ಪಾ ಅಂತ ಬೇಡಿಕೊಳ್ಳುತ್ತಿದ್ದೆ. ಜೊತೆಗೆ ಬಂದಿದ್ದ ಮಗರಾಯ, “ಅಮ್ಮಾ, ಈಗ ಓಡ್ತಿದೀಯೋ ನಡೀತಿದೀಯೋ?” ಅಂತ ಕೇಳಿದ. ಮಾರನೇ ಸಲದಿಂದ ಅವನನ್ನು ಕರೆದುಕೊಂಡು ಹೋಗಲಿಲ್ಲ.

ಎದೆ ಡವಡವ ಹೊಡೆದುಕೊಂಡರೆ ನಾನು ಅದನ್ನು ಅಪಾಯ ಅಂತ ಓದುತ್ತಿದ್ದೆ. ಏನೋ ಆಗೋಗುತ್ತೆ, ನಿಲ್ಲಿಸಿಬಿಡು ಅಂತ. ನರ್ಸ್ ಒಂದು ಸುಲಭ ಉಪಾಯ ಹೇಳಿದ್ದರು. ಓಡುವಾಗ ಪೂರ್ತಿ ವಾಕ್ಯ ಮಾತಾಡೋಕೆ ಬಂದರೆ ನಿಮ್ಮ ವೇಗ ಸರಿಯಾಗಿದೆ, ಬರದಿದ್ದರೆ ನಿಧಾನ ಮಾಡಿ. ಮಾತಾಡೋಕೆ ಯಾರೂ ಇರಲಿಲ್ಲ. ಹಾಗಾಗಿ ಮಗ್ಗಿ ಹೇಳಿಕೊಂಡು ಓಡಿದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಹದಿಮೂರೇಳ್ಲ ಬರುವಷ್ಟರಲ್ಲಿ ಉಸಿರು ಕಟ್ಟಿದರೆ ವೇಗ ತಗ್ಗಿಸುತ್ತಿದ್ದೆ. ನಾಯಿ ಕರೆದುಕೊಂಡು ಬಂದ ಒಬ್ಬ ಅಜ್ಜ ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ. ಡವಡವ ಅನ್ನೋದು ಹೃದಯ ಕೆಲಸ ಮಾಡುವ ಸದ್ದು ಅಂತ ಮೈಗೆ ಅರ್ಥ ಆಗೋಕೆ ಎರಡು ವಾರ ಬೇಕಾಯಿತು. (ಎದೆ ನೋವು, ತಲೆ ಸುತ್ತು ಬಂದರೆ ಅದು ಬೇರೆ ಮಾತು. ಆಗ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು, ಮಗ್ಗಿ ಹೇಳುತ್ತಾ ಕೂರಬಾರದು.)

ಈಗ ಐದನೇ ವಾರದ ಕತೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿರೋದು. ಆ ವಾರದ ಮೊದಲ ದಿನ ಐದೈದು ನಿಮಿಷದ ಮೂರು ಓಟ. ಎರಡನೇ ದಿನ ಎಂಟೆಂಟು ನಿಮಿಷದ ಎರಡು ಓಟ. ಮೂರನೇ ದಿನ ನೋಡಿದರೆ ಇಪ್ಪತ್ತು ನಿಮಿಷ, ನಡುವೆ ನಿಲ್ಲುವ ಹಾಗೇ ಇಲ್ಲ! ಮುದ್ರಣದ ತಪ್ಪು ಅಂದುಕೊಂಡೆ. ಎಂಟರಿಂದ ಸೀದಾ ಇಪ್ಪತ್ತಕ್ಕೆ ಯಾರಾದರೂ ಹಾರುತ್ತಾರಾ? ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ನಾಳೆ ಮಳೆ ಬರಲಿ ಅಂತ ಹಾರೈಸಿದೆ. ಇಂಗ್ಲೆಂಡಿನಲ್ಲಿ ಬೇಡಿದಾಗ ಮಾತ್ರ ಮಳೆ ಬರಲ್ಲ.

ಬೆಳಿಗ್ಗೆ ಶೂ ಹಾಕುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಅಮ್ಮ ಹಾಲಿನ ಲೆಕ್ಕ ಬರೆಯುವ ಹಾಗೆ ನಾನು ಓಡಿದ ದಿನಗಳಿಗೆ ಗೀಟು ಹಾಕಿದ್ದೆ. ಹದಿನಾಲ್ಕು ಗೀಟು. ಒಂದೂ ತಪ್ಪಿರಲಿಲ್ಲ. ಹದಿನಾಲ್ಕು ಸಲವೂ ಹೊರಡುವಾಗ “ಇವತ್ತು ಆಗಲ್ಲ” ಅಂದುಕೊಂಡೇ ಹೋಗಿದ್ದೆ, ಹದಿನಾಲ್ಕು ಸಲವೂ ಆಗಿತ್ತು. ಅಂದರೆ ಇಷ್ಟು ದಿನ ಸುಳ್ಳು ಹೇಳುತ್ತಿದ್ದದ್ದು ಕಾಲಲ್ಲ, ಬಾಯಿ. ಲೆಕ್ಕ ಬರೆಯುವವಳಿಗೆ ಅಷ್ಟೂ ಗೊತ್ತಾಗಬೇಡವಾ? ಹೋದೆ. ಇಪ್ಪತ್ತು ನಿಮಿಷ ಓಡಿದೆ. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ನಡೆಯುತ್ತಿದ್ದವಳೊಬ್ಬಳು ನನ್ನನ್ನು ದಾಟಿ ಹೋದಳು, ಅಷ್ಟು ನಿಧಾನ. ಆದರೆ ನಿಲ್ಲಲಿಲ್ಲ. ಮುಗಿದ ಮೇಲೆ ಬೆಂಚಿನ ಮೇಲೆ ಕೂತು ಅತ್ತೆ ಅಕ್ಕ. ಯಾಕೆ ಅಂತ ಇವರಿಗೆ ಹೇಳೋಕೆ ಇವತ್ತಿಗೂ ಬರಲ್ಲ.

ಈ ವಿಷಯದ ಮೇಲೆ ಆಮೇಲೆ ಸ್ವಲ್ಪ ಓದಿದೆ. ಆಲ್ಬರ್ಟ್ ಬಂಡೂರ ಅಂತ ಒಬ್ಬ ಮನಶ್ಶಾಸ್ತ್ರಜ್ಞರು 1977ರಲ್ಲೇ ಇದನ್ನು ವಿವರಿಸಿದ್ದರು. ಇದು ನನ್ನ ಕೈಲಿ ಆಗುತ್ತೆ ಅನ್ನುವ ನಂಬಿಕೆ ಎಲ್ಲಿಂದ ಬರುತ್ತೆ? ಮೊದಲನೆಯದು, ಎಲ್ಲಕ್ಕಿಂತ ಗಟ್ಟಿ, ನಾವೇ ಮಾಡಿ ಮುಗಿಸಿದ ಕೆಲಸ. ಆಮೇಲೆ ನಮ್ಮಂಥವರೇ ಮಾಡೋದನ್ನು ನೋಡೋದು. ಬೇಕಾದವರು ಹೇಳುವ ಮಾತು. ಕೊನೆಗೆ, ಮೈ ಕೊಡುವ ಸೂಚನೆಯನ್ನು ನಾವು ಹೇಗೆ ಓದುತ್ತೇವೆ ಅನ್ನೋದು. ನನ್ನ ಮಗ್ಗಿ ಈ ಕೊನೇದಕ್ಕೆ ಸೇರುತ್ತೆ. ಕನ್ನಡಿ ಮುಂದೆ ನಿಂತು ‘ನಾನು ಮಾಡಬಲ್ಲೆ’ ಅಂತ ಹತ್ತು ಸಲ ಹೇಳಿಕೊಳ್ಳಿ ಅಂತ ವಿಡಿಯೋ ಕಳಿಸುತ್ತಾರಲ್ಲ ಚಿಕ್ಕಮ್ಮ, ಅದರಲ್ಲಿ ನನಗೆ ನಂಬಿಕೆ ಇಲ್ಲ. ನನ್ನ ವಿಷಯದಲ್ಲಿ ಕಾಲು ಮುಂದೆ ಹೋಯಿತು, ನಂಬಿಕೆ ಹಿಂದಿನಿಂದ ಏದುಸಿರು ಬಿಡುತ್ತಾ ಬಂತು.

ನಂಬಿಕೆ ಜಾಸ್ತಿ ಆದರೂ ಕಷ್ಟವೇ. ಏಳನೇ ವಾರಕ್ಕೆ ನನಗೆ ಜಂಬ ಬಂತು. ವಾರಕ್ಕೆ ಮೂರು ದಿನ ಯಾಕೆ, ದಿನಾ ಓಡ್ತೀನಿ ಅಂತ ಹೊರಟೆ. ಆರನೇ ದಿನ ಮೊಣಕಾಲ ಕೆಳಗೆ, ಎಲುಬಿನ ಉದ್ದಕ್ಕೂ ನೋವು. ಮೆಟ್ಟಿಲು ಇಳಿಯೋಕೆ ಆಗಲಿಲ್ಲ. ಎರಡು ವಾರ ಸುಮ್ಮನೆ ಕೂತೆ. ಗೀಟಿಲ್ಲದ ಆ ಎರಡು ವಾರ ಹಳೇ ಮಾತು ಮತ್ತೆ ಬಾಯಿಗೆ ಬಂತು, “ನೋಡು, ನಾನು ಹೇಳಿರಲಿಲ್ವಾ.” ಆದರೆ ಮೊದಲಿನ ಜೋರು ಅದಕ್ಕಿರಲಿಲ್ಲ.

ಫೌಜಾ ಸಿಂಗ್ ಅವರ ಹೆಸರು ಕೇಳಿದ್ದೀಯಲ್ಲ? ಜುಲೈನಲ್ಲಿ ತೀರಿಕೊಂಡರು. ಜಲಂಧರ್ ಹತ್ತಿರ ಅವರದೇ ಹಳ್ಳಿಯಲ್ಲಿ ಕಾರು ಡಿಕ್ಕಿ ಹೊಡೆದು. 114 ವರ್ಷ. ಇಲ್ಲೇ ಪೂರ್ವ ಲಂಡನ್ನಿನ ಇಲ್‌ಫರ್ಡಿನಲ್ಲಿ ಇದ್ದವರು. ಮಗ ಕಣ್ಣೆದುರೇ ಸತ್ತ ದುಃಖದಿಂದ ಹೊರಬರೋಕೆ ಮುಪ್ಪಿನಲ್ಲಿ ಓಟ ಹಿಡಿದರು. 2000ದಲ್ಲಿ 89ರ ವಯಸ್ಸಿಗೆ ಮೊದಲ ಲಂಡನ್ ಮ್ಯಾರಥಾನ್. 2011ರಲ್ಲಿ ಟೊರಾಂಟೊದಲ್ಲಿ 42 ಕಿಲೋಮೀಟರನ್ನು ಎಂಟು ಗಂಟೆಗಿಂತ ಹೆಚ್ಚು ಹೊತ್ತು ತಗೊಂಡು ಮುಗಿಸಿದರು. ಆಗ ಅವರಿಗೆ ನೂರು. ಜನನ ಪ್ರಮಾಣಪತ್ರ ಇಲ್ಲ ಅಂತ ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ. ನಮ್ಮ ಅಜ್ಜಿ ಹುಟ್ಟಿದ್ದು ‘ತುಂಗೆ ಉಕ್ಕಿ ಬಂದ ವರ್ಷ’. ಗಿನ್ನೆಸ್‌ನವರ ಮುಂದೆ ಅಜ್ಜಿ ನಿಂತಿದ್ದರೆ ಯಾವ ಕಾಗದ ತೋರಿಸಬೇಕಿತ್ತೋ. ಫೌಜಾ ಸಿಂಗ್ ತೀರಿಕೊಂಡ ದಿನ ನಮ್ಮ ಬೀದಿಯ ಪಂಜಾಬಿ ಅಂಗಡಿಯವರು ಅವರ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ನನಗೇನೂ ನೂರಕ್ಕೆ ಓಡುವ ಆಸೆ ಇಲ್ಲ. ಆದರೆ ನಮ್ಮ ಥರವೇ ರೊಟ್ಟಿ ಪಲ್ಯ ತಿನ್ನುವ ಒಬ್ಬರನ್ನು ನೋಡಿದರೆ ನನ್ನ 43 ವರ್ಷ ಏನೂ ಅಲ್ಲ ಅನ್ನಿಸುತ್ತೆ.

ಮೇ ತಿಂಗಳಿಂದ ಶನಿವಾರ ಬುಶಿ ಪಾರ್ಕಿಗೆ ಹೋಗುತ್ತೇನೆ. ಜಿಂಕೆಗಳಿರುವ ದೊಡ್ಡ ಅರಮನೆ ಪಾರ್ಕು, ನಮ್ಮ ಮನೆಯಿಂದ ದೂರವಿಲ್ಲ. 2004ರ ಅಕ್ಟೋಬರ್ 2ರಂದು ಇಲ್ಲಿ 13 ಜನ ಸೇರಿ ಐದು ಕಿಲೋಮೀಟರ್ ಓಡಿದ್ದರು. ಅದೇ ಈಗ ‘ಪಾರ್ಕ್‌ರನ್’ ಅಂತ ಎಷ್ಟೋ ದೇಶಗಳಲ್ಲಿ ನಡೆಯುತ್ತೆ. ಬೆಳಿಗ್ಗೆ ಒಂಬತ್ತಕ್ಕೆ ಶುರು. ದುಡ್ಡಿಲ್ಲ, ಬಹುಮಾನ ಇಲ್ಲ. ನಡೆಸುವವರೆಲ್ಲ ಸ್ವಯಂಸೇವಕರು. ನನಗೆ ತುಂಬ ಇಷ್ಟವಾದದ್ದು ಒಂದು ಏರ್ಪಾಡು. ಎಲ್ಲರಿಗಿಂತ ಹಿಂದೆ ನಡೆಯೋಕೆ ಅಂತಲೇ ಒಬ್ಬರನ್ನು ನೇಮಿಸಿರುತ್ತಾರೆ. ಎಷ್ಟೇ ನಿಧಾನ ಹೋದರೂ ನೀನು ಕೊನೆಯವಳಾಗಲ್ಲ! ಎಂಟನೇ ಕ್ಲಾಸಿನಲ್ಲಿ ಅಂಥ ಒಬ್ಬರು ಇರಬೇಕಿತ್ತು. ಮೊದಲ ಸಲ 44 ನಿಮಿಷ ಆಯಿತು. ನಿನ್ನೆ 37. ಆಗಸ್ಟಿನಲ್ಲಿ ಸಕ್ಕರೆ ಟೆಸ್ಟಿಗೆ ಮತ್ತೆ ರಕ್ತ ಕೊಟ್ಟೆ, 41 ಬಂದಿದೆ. ಊಟವನ್ನೂ ಸ್ವಲ್ಪ ತಿದ್ದಿದ್ದೇನೆ, ರಾತ್ರಿ ಅನ್ನ ಕಮ್ಮಿ. ಹಾಗಾಗಿ ಎಲ್ಲ ಓಟದ್ದೇ ಪುಣ್ಯ ಅಂತ ಹೇಳಲ್ಲ.

ಈಗ ನಿನ್ನ ವಿಷಯ. ನಿನ್ನ ಕೈಲಿ ಆಗಲ್ಲ ಅಂತೀಯಲ್ಲ, 38ನೇ ವಯಸ್ಸಿನಲ್ಲಿ ಸ್ಕೂಟಿ ಕಲಿತವರು ಯಾರು? ಚರಂಡಿಗೆ ಬಿದ್ದು ಮಂಡಿ ತರಚಿಕೊಂಡು, ಮಾರನೇ ದಿನ ಮತ್ತೆ ಹತ್ತಿದವರು ಯಾರು? ಮೊದಲು ಕಾಂಪೌಂಡಿನೊಳಗೆ, ಆಮೇಲೆ ಬೀದಿ ಕೊನೆ ತನಕ, ಆಮೇಲೆ ತರಕಾರಿ ಮಾರ್ಕೆಟ್ಟಿಗೆ. ಈಗ ಬಿ.ಎಚ್. ರಸ್ತೆಯಲ್ಲಿ ಬಸ್ಸು, ಲಾರಿ ಮಧ್ಯೆ ಭಾವನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತೀಯ. ಭಾವ ಕಣ್ಣು ಮುಚ್ಚಿಕೊಂಡು ಕೂರುತ್ತಾರಂತೆ, ಅದು ಬೇರೆ ವಿಷಯ.

ಹಾಗಾಗಿ ಅರ್ಧ ಗಂಟೆಯನ್ನು ಸದ್ಯಕ್ಕೆ ಮರೆತುಬಿಡು. ನಾಳೆ ಸಂಜೆ ಗೇಟಿನಿಂದ ಎರಡನೇ ಲೈಟ್ ಕಂಬದ ತನಕ ಹೋಗಿ ಬಾ. ಅಷ್ಟೇ. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಒಂದು ಗೀಟು ಹಾಕು. ಮುಂದಿನ ವಾರ ನಾಲ್ಕನೇ ಕಂಬ. ನೆಹರೂ ಸ್ಟೇಡಿಯಂ ಸುತ್ತು ಆಮೇಲೆ ನೋಡೋಣ. ಮನೆಯ ಹವಾಯಿ ಚಪ್ಪಲಿಯಲ್ಲಿ ಹೋಗಬೇಡ, ಮೆತ್ತಗಿನ ಶೂ ತಗೋ. ಬಂದ ಮೇಲೆ ಪಾದ ಒಂದು ಸಲ ನೋಡಿಕೋ. ಶುಗರ್ ಇರುವವರಿಗೆ ಗಾಯ ಆದದ್ದು ಗೊತ್ತಾಗದೇ ಇರಬಹುದು. ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಹೊರಡಬೇಡ. ಪರ್ಸಿನಲ್ಲಿ ಒಂದು ಬೆಲ್ಲದ ಚೂರು ಇರಲಿ, ತಲೆ ಸುತ್ತಿದರೆ ಬೇಕಾಗುತ್ತೆ. ಸುಮ್ನೆ ಬಾಯಿ ಚಪಲಕ್ಕಲ್ಲ!

ಭಾವನಿಗೂ ಒಂದು ಮಾತು ಹೇಳು. ತಮಾಷೆ ಮಾಡೋದು ಬೇಡ, ಬರೋದಿದ್ದರೆ ಜೊತೆಗೆ ಬರಲಿ.

ಡಿಸೆಂಬರ್ 19ಕ್ಕೆ ಟಿಕೆಟ್ ಆಗಿದೆ. ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು ಬರುತ್ತೇವೆ. ಬಂದ ದಿನವೇ ನಿನ್ನ ಕ್ಯಾಲೆಂಡರ್ ನೋಡುತ್ತೇನೆ. ಹಾಲಿನ ಗೀಟು ಯಾವುದು, ನಡಿಗೆಯ ಗೀಟು ಯಾವುದು ಅಂತ ಕಂಡುಹಿಡಿಯುವುದು ನನಗೆ ಕಷ್ಟವಲ್ಲ, ಮೋಸ ಮಾಡಬೇಡ.

ಅಮ್ಮನಿಗೆ ನಮಸ್ಕಾರ ತಿಳಿಸು. ಈ ಪತ್ರ ಅವಳಿಗೂ ಓದಿ ಹೇಳು, ಆದರೆ ನನ್ನ ಸಕ್ಕರೆ 44 ಇದ್ದ ವಿಷಯ ಬಿಟ್ಟು ಓದು.

ಇಂತಿ ನಿನ್ನ ತಂಗಿ

ಮರೆತೆ. ನಿಮ್ಮ ಪಕ್ಕದ ಮನೆ ಹುಡುಗ ಅಕ್ಟೋಬರಿನಲ್ಲಿ ಇಲ್ಲಿಗೆ ಓದೋಕೆ ಬರುತ್ತಾನಂತಲ್ಲ, ಅವನ ಕೈಲಿ ಅಪ್ಪೆಮಿಡಿ ಕಳಿಸು. ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಡಬ್ಬಿಯೊಳಗೆ ಇಡು. ಹೋದ ಸಲ ಎಣ್ಣೆ ಸೋರಿ, ತಂದವರ ಮದುವೆ ಸೀರೆಯೆಲ್ಲ ಉಪ್ಪಿನಕಾಯಿ ವಾಸನೆ. ಅವರು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.